ರಾತ್ರಿ ಕಾವಲಿಗೆ ವಾಕಿಟಾಕಿ: ಕೊಳ್ಳುವ ಮುನ್ನ

ಬತ್ತಕ್ಕೆ ಹಾಲು ತುಂಬುವಾಗ ಹಂದಿ ಬರುತ್ತದೆ, ತೋಟದಲ್ಲಿ ಹಲಸು ಹಣ್ಣಾಗುವಾಗ ಆನೆ ಬರುತ್ತದೆ. ಕಾಡಂಚಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡಗು, ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಾಗಲಿ, ಇತ್ತ ಬಂಡೀಪುರದ ಅಂಚಿನ ಗುಂಡ್ಲುಪೇಟೆಯ ಹಳ್ಳಿಗಳಾಗಲಿ, ಅಟ್ಟಣೆ ಕಟ್ಟಿ ರಾತ್ರಿ ಕಾವಲು ಕೂರುವುದು ಬೇಸಾಯದಲ್ಲಿ ಸೇರಿದ ಕೆಲಸವೇ ಆಗಿದೆ. ಹಿಂದೆ ಒಂದು ಅಟ್ಟಣೆಯವನು ಕೂ ಹಾಕಿದರೆ ಪಕ್ಕದ ಅಟ್ಟಣೆಯವನು ಓಗೊಡುತ್ತಿದ್ದ. ಈಗ ಕಾವಲಿಗೆ ಜನ ಕಡಿಮೆ, ಅಟ್ಟಣೆಗಳ ನಡುವೆ ದೂರ ಹೆಚ್ಚು. ಮನೆಯಂಗಳದಲ್ಲಿ ಸಿಕ್ಕುವ ಮೊಬೈಲ್ ಸಿಗ್ನಲ್ ಹಳ್ಳದ ಗದ್ದೆಗೆ ಇಳಿದ ಕೂಡಲೇ ಮಾಯವಾಗುತ್ತದೆ. ಆದ್ದರಿಂದಲೇ ಈಚೆಗೆ ಗೊಬ್ಬರ, ಔಷಧಿಗಳ ಪ್ರಶ್ನೆಗಳ ಜೊತೆಗೆ ಹೊಸದೊಂದು ಪ್ರಶ್ನೆ ನಮ್ಮ ಮುಂದೆ ಬರುತ್ತಿದೆ: ಪೊಲೀಸರ ಕೈಯಲ್ಲಿರುವಂಥ ವಾಕಿಟಾಕಿ ಕೊಳ್ಳಬಹುದೇ, ಕೊಳ್ಳುವುದಾದರೆ ಯಾವುದು?

ಪೇಟೆಯಲ್ಲೂ ಇಂಟರ್ನೆಟ್ ಅಂಗಡಿಗಳಲ್ಲೂ ಕಾಣುವ ಇಂಥ ಸೆಟ್ಟುಗಳಲ್ಲಿ ಹಲವಕ್ಕೆ ಎಲೆಹಸಿರಿನ ಮಚ್ಚೆ ಬಣ್ಣ ಬಳಿದು ‘ಬೇಟೆಗೆ ಯೋಗ್ಯ’ ಎಂದು ಬರೆದಿರುತ್ತಾರೆ. ಅದಕ್ಕೆ ಕಾರಣವುಂಟು. ಅಮೆರಿಕದಲ್ಲಿ ಪರವಾನಗಿ ಪಡೆದು, ಗೊತ್ತಾದ ಋತುವಿನಲ್ಲಿ ಜಿಂಕೆ ಬೇಟೆಯಾಡಲು ಅವಕಾಶವಿದೆ. ನಾಲ್ಕೈದು ಮಂದಿ ಬೆಳಗಿನ ಕತ್ತಲಲ್ಲೇ ಬೇರೆ ಬೇರೆ ದಿಕ್ಕಿಗೆ ಹೋಗಿ ಕೂರುತ್ತಾರೆ. ಯಾರು ಎಲ್ಲಿದ್ದಾರೆ ಎಂದು ತಿಳಿಯದೆ ಗುಂಡು ಹಾರಿಸಿದರೆ ಜೊತೆಗಾರನ ಪ್ರಾಣಕ್ಕೇ ಕುತ್ತು. ಆ ಕಾರಣಕ್ಕೆ ಈ ಕೈ ರೇಡಿಯೋ ಅಲ್ಲಿ ಬೇಟೆಗಾರನ ಚೀಲದ ಸಾಮಾನಾಯಿತು. ನಮ್ಮ ಮಲೆನಾಡಿನ ಹಳೆಯ ಬೇಟೆಯಲ್ಲೂ ಸೋವುವವರು ಒಂದು ಕಡೆ, ಕೋವಿ ಹಿಡಿದು ಕಾಯುವವರು ಇನ್ನೊಂದು ಕಡೆ ಇರುತ್ತಿದ್ದರು. ನಡುವೆ ಇದ್ದದ್ದು ಬರಿಯ ಕೂಗು.

ನಮ್ಮಲ್ಲಿ ಆ ಬೇಟೆ ಮುಗಿದ ಕಥೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಅದಕ್ಕೆ ೧೯೯೧ರಲ್ಲಿ ತಿದ್ದುಪಡಿಯಾದ ಮೇಲೆ ಪರವಾನಗಿ ಬೇಟೆಯೂ ನಿಂತುಹೋಯಿತು. ಕೊಡಗಿನಲ್ಲಿ ಕೋವಿಗೆ ಇರುವ ಪರವಾನಗಿ ವಿನಾಯಿತಿಯನ್ನು ೨೦೧೯ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ, ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿಯೇ ಹೊರತು ಪ್ರಾಣಿಯನ್ನು ಹೊಡೆಯುವುದಕ್ಕಲ್ಲ. ಆದರೂ ಬೇಟೆಗಾರನಿಗೆ ಬೇಕಾದ ರೇಡಿಯೋಕ್ಕೂ ಬೆಳೆ ಕಾಯುವವನಿಗೆ ಬೇಕಾದ ರೇಡಿಯೋಕ್ಕೂ ಹೆಚ್ಚು ಭೇದವಿಲ್ಲ. ಎರಡೂ ಕಡೆ ಕತ್ತಲು, ಗುಡ್ಡ, ಮಳೆ, ದೂರ ದೂರ ಕುಳಿತ ಜನ, ನಡುವೆ ಎಲ್ಲಿ ಸುಳಿಯುತ್ತದೆಂದು ತಿಳಿಯದ ಪ್ರಾಣಿ.

ಬೆಲೆ ನೋಡುವ ಮೊದಲು ಕಾನೂನು ನೋಡಬೇಕು. ರೇಡಿಯೋ ಅಲೆ ಕಳಿಸುವ ಯಾವ ಯಂತ್ರಕ್ಕೂ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಬೇಕು. ಕಡಿಮೆ ಶಕ್ತಿಯ ಸಲಕರಣೆಗಳಿಗೆ ಮಾತ್ರ ಕೆಲವು ಪಟ್ಟಿಗಳಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ವಾಕಿಟಾಕಿಯ ಮಟ್ಟಿಗೆ ಆ ಪಟ್ಟಿ ೪೪೬.೦ ರಿಂದ ೪೪೬.೨ ಮೆಗಾಹರ್ಟ್ಸ್. ಈ ಪಟ್ಟಿಯಲ್ಲಿ ಮಾತ್ರ ನಡೆಯುವ, ಅರ್ಧ ವ್ಯಾಟ್ ಶಕ್ತಿಯ ಸಣ್ಣ ಸೆಟ್ಟುಗಳನ್ನು ರೈತರು ಲೈಸೆನ್ಸ್ ಇಲ್ಲದೆ ಬಳಸಬಹುದು. ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಮಾದರಿ ಒಪ್ಪಿಗೆ ಪತ್ರ ಇರಬೇಕು. ವ್ಯಾಪಾರಿಗಳು ಇದನ್ನು ‘ಇಟಿಎ’ ಎನ್ನುತ್ತಾರೆ. ಆ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ, ರಶೀದಿಯಲ್ಲೂ ಬರೆಸಿಕೊಳ್ಳಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಐದು ವ್ಯಾಟಿನ ಅಗ್ಗದ ಸೆಟ್ಟುಗಳು ಯಾವ ತಡೆಯೂ ಇಲ್ಲದೆ ಬಹುಕಾಲ ಮಾರಾಟವಾದವು. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಹದಿಮೂರು ಇಂಟರ್ನೆಟ್ ಅಂಗಡಿಗಳಿಗೆ ಈ ವಿಷಯದಲ್ಲಿ ನೋಟಿಸು ಕೊಟ್ಟು, ಅದೇ ತಿಂಗಳು ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ಟು ಯಾವ ಪಟ್ಟಿಯಲ್ಲಿ ನಡೆಯುತ್ತದೆ, ಒಪ್ಪಿಗೆ ಇದೆಯೇ ಎಂಬುದನ್ನು ಮಾರುವವನು ತೋರಿಸಲೇಬೇಕು. ಡಬ್ಬಿಯ ಮೇಲೆ ‘೧೩೬–೧೭೪’ ಅಥವಾ ‘೪೦೦–೪೮೦ ಮೆಗಾಹರ್ಟ್ಸ್’ ಎಂದು ಅಗಲವಾದ ಪಟ್ಟಿ ಬರೆದಿದ್ದರೆ ಅದು ನಮಗೆ ಬೇಡದ ಸೆಟ್ಟು. ಅಂಥದು ಪೊಲೀಸರ, ಅರಣ್ಯ ಇಲಾಖೆಯ, ರೈಲ್ವೆಯ ಅಲೆಗಳ ಮೇಲೂ ಹತ್ತಿಬಿಡುತ್ತದೆ. ಆನೆ ಓಡಿಸಲು ಬಂದ ಇಲಾಖೆಯ ತಂಡ ತಮ್ಮೊಳಗೆ ಮಾತಾಡುವಾಗ ನಮ್ಮ ಸೆಟ್ಟು ಅಡ್ಡ ಬಂದರೆ ಕೆಡುವುದು ನಮ್ಮೂರಿನ ಕೆಲಸವೇ. ಇನ್ನೊಂದು ಮಾತು. ರಾತ್ರಿ ಹೊತ್ತು ಕಾಡಂಚಿನಲ್ಲಿ ಕೋವಿ, ಟಾರ್ಚು, ಲೈಸೆನ್ಸ್ ಇಲ್ಲದ ವಾಕಿಟಾಕಿ ಮೂರೂ ಒಬ್ಬನ ಬಳಿ ಸಿಕ್ಕರೆ, ‘ನಾನು ಗದ್ದೆ ಕಾಯುತ್ತಿದ್ದೆ’ ಎಂಬ ಮಾತನ್ನು ಯಾವ ಗಾರ್ಡು ಸುಲಭವಾಗಿ ನಂಬುತ್ತಾನೆ?

ವಿದೇಶದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ಜೋಡಿಯ ವಿಷಯವೂ ಇಲ್ಲೇ ಬರುತ್ತದೆ. ಅಮೆರಿಕದಲ್ಲಿ ಯಾರು ಬೇಕಾದರೂ ಬಳಸುವ ಕುಟುಂಬ ರೇಡಿಯೋಗಳು ೪೬೨ ಮತ್ತು ೪೬೭ ಮೆಗಾಹರ್ಟ್ಸ್ ಹತ್ತಿರ ನಡೆಯುತ್ತವೆ. ಅಲ್ಲಿ ಅವಕ್ಕೆ ಲೈಸೆನ್ಸ್ ಬೇಡ, ಇಲ್ಲಿ ಅದು ಬೇರೆಯವರ ಜಾಗ. ಯೂರೋಪಿನಿಂದ ತಂದದ್ದಾದರೆ ಪಟ್ಟಿ ೪೪೬ರದೇ ಇರಬಹುದು. ಆದರೂ ಇಲ್ಲಿನ ಒಪ್ಪಿಗೆಯ ಪ್ರಶ್ನೆ ಉಳಿಯುತ್ತದೆ. ಸಮುದ್ರ ದಾಟಿ ಬಂದದ್ದೆಲ್ಲ ಉತ್ತಮವೆಂಬ ಭ್ರಮೆ ಬಿತ್ತನೆ ಬೀಜದಲ್ಲಿ ನಮ್ಮನ್ನು ಸಾಕಷ್ಟು ಕಾಡಿದೆ, ರೇಡಿಯೋದಲ್ಲೂ ಬೇಡ.

‘ಅರ್ಧ ವ್ಯಾಟಿನದು ಆಟದ ಸಾಮಾನು, ಅದು ಎಲ್ಲಿಗೆ ಮುಟ್ಟೀತು?’ ಎಂದು ಅನೇಕರು ಮೂಗು ಮುರಿಯುತ್ತಾರೆ. ಈ ಅಲೆಗಳ ಸ್ವಭಾವ ತಿಳಿದರೆ ಸಂಶಯ ಕಡಿಮೆಯಾಗುತ್ತದೆ. ಅವು ಹೆಚ್ಚುಕಡಿಮೆ ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತವೆ. ಎಲೆ, ಕೊಂಬೆಗಳ ನಡುವೆ ತೂರುತ್ತವೆ, ಆದರೆ ಪ್ರತಿ ಮರದಲ್ಲೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತವೆ. ಎಲೆ ನೆನೆದಿದ್ದರೆ ಸೋರಿಕೆ ಇನ್ನೂ ಹೆಚ್ಚು. ಗುಡ್ಡ ಅಡ್ಡ ಬಂದರಂತೂ ಅಲ್ಲಿಗೇ ನಿಲ್ಲುತ್ತವೆ. ಅರ್ಧ ವ್ಯಾಟಿನ ಬದಲು ಹತ್ತರಷ್ಟು ಶಕ್ತಿಯ ಐದು ವ್ಯಾಟ್ ಹಾಕಿದರೂ, ಏನೇನೂ ಅಡ್ಡವಿಲ್ಲದ ಕಡೆಯಲ್ಲಿ ದೂರ ಹೆಚ್ಚುವುದು ಸುಮಾರು ಮೂರು ಪಟ್ಟು. ಗುಡ್ಡದ ಆಚೆಗೆ ಅರ್ಧ ವ್ಯಾಟೂ ಒಂದೇ, ಐದು ವ್ಯಾಟೂ ಬಹುಮಟ್ಟಿಗೆ ಒಂದೇ.

ಡಬ್ಬಿಯ ಮೇಲೆ ‘೩೫ ಮೈಲಿ’ ಎಂದು ಬರೆದಿರುವುದನ್ನು ನೋಡಿರಬಹುದು. ಎತ್ತರದ ಬೆಟ್ಟದ ತುದಿಯಿಂದ ಕೆಳಗಿನ ಬಯಲಿಗೆ, ನಡುವೆ ಒಂದು ಗಿಡವೂ ಇಲ್ಲದೆ ಸಿಕ್ಕಬಹುದಾದ ದೂರ ಅದು. ಸಮನಾದ ಬಯಲಿನಲ್ಲಿ ಸೆಟ್ಟನ್ನು ಎದೆಮಟ್ಟಕ್ಕೆ ಹಿಡಿದು ನಿಂತ ಇಬ್ಬರ ನಡುವೆ ಸುಮಾರು ೧೦ ಕಿಲೋಮೀಟರಿಗೆ ಭೂಮಿಯ ಉಬ್ಬೇ ಅಡ್ಡ ಬರುತ್ತದೆಂದ ಮೇಲೆ ೩೫ ಮೈಲಿಯ ಮಾತೆಲ್ಲಿ ಬಂತು? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದು ಓಡಾಡಿದ ಕೈ ರೇಡಿಯೋ ಎರಡು ಕಿಲೋಗಿಂತ ಹೆಚ್ಚು ತೂಗುತ್ತಿತ್ತು, ನೆಲದ ಮೇಲೆ ಸುಮಾರು ಒಂದು ಮೈಲಿ ಮುಟ್ಟುತ್ತಿತ್ತು. ಇಂದಿನದು ಅಂಗಿಯ ಜೇಬಿಗೆ ಹಿಡಿಸುತ್ತದೆ. ದೂರ ಮಾತ್ರ, ನಮ್ಮ ಮಲೆನಾಡಿನ ನೆಲದಲ್ಲಿ, ಅದಕ್ಕಿಂತ ಬಹಳ ಹೆಚ್ಚೇನೂ ಆಗಿಲ್ಲ. ಜೋಳದ ಬಯಲಿನಲ್ಲಿ ಒಂದೆರಡು ಕಿಲೋಮೀಟರು, ಮರ ತುಂಬಿದ ಕಾಫಿ ತೋಟದಲ್ಲಿ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರು ಎಂದು ಎಣಿಸಿಕೊಂಡರೆ ನಿರಾಶೆಯಾಗದು.

ಹೀಗಾಗಿ ನಿಮ್ಮ ಜಮೀನೇ ಪರೀಕ್ಷೆಯ ಕಣವಾಗಬೇಕು. ಒಂದು ಜೋಡಿಯನ್ನು ಮಾತ್ರ, ಹಿಂದಿರುಗಿಸುವ ಷರತ್ತಿನ ಮೇಲೆ ತನ್ನಿ. ಒಬ್ಬರು ಅಟ್ಟಣೆಯಲ್ಲಿ ಕೂರಲಿ, ಇನ್ನೊಬ್ಬರು ಕಾವಲು ತಿರುಗುವ ದಾರಿಯಲ್ಲೇ ನಡೆಯುತ್ತ ನೂರು ಹೆಜ್ಜೆಗೊಮ್ಮೆ ಮಾತಾಡಲಿ. ಮಾತು ಕೆಡುವ ಜಾಗಕ್ಕೆ ಒಂದು ಗೂಟ ನೆಡಿ. ಹಳ್ಳದ ಒಳಗೆ, ಪಂಪುಸೆಟ್ಟಿನ ಮನೆಯ ಹಿಂದೆ, ಕಾಡಿನ ಕಡೆಯ ಕಂದಕದ ಬದಿಯಲ್ಲಿ ತಪ್ಪದೆ ನೋಡಿ. ಅಪಾಯದ ಹೊತ್ತಿನಲ್ಲಿ ಮಾತು ಬೇಕಾಗುವುದು ಅಲ್ಲೇ. ಹಗಲು ಒಮ್ಮೆ, ಮಳೆ ಸುರಿದ ಸಂಜೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಎರಡು ತಾಸಿನ ಈ ನಡಿಗೆ ತಿಳಿಸಿಕೊಡುವಷ್ಟನ್ನು ಯಾವ ಜಾಹೀರಾತೂ ತಿಳಿಸದು.

ಮುಟ್ಟದ ಜಾಗ ಉಳಿದರೆ ಹೆಚ್ಚು ಶಕ್ತಿಯ ಸೆಟ್ಟಿನ ಮೋಹಕ್ಕೆ ಬೀಳದೆ ಎತ್ತರವನ್ನು ಬಳಸಿಕೊಳ್ಳಿ. ಗುಡ್ಡದ ನೆತ್ತಿಯ ಮನೆಯಲ್ಲಿ ಅಥವಾ ಎತ್ತರದ ಅಟ್ಟಣೆಯಲ್ಲಿ ಒಬ್ಬರನ್ನು ಕೂರಿಸಿದರೆ, ಎರಡು ಹಳ್ಳಗಳ ಕಾವಲುಗಾರರಿಗೂ ಅವರ ಮಾತು ಕೇಳುತ್ತದೆ. ಈ ಹಳ್ಳದ ಸುದ್ದಿಯನ್ನು ಅವರು ಆ ಹಳ್ಳಕ್ಕೆ ದಾಟಿಸುತ್ತಾರೆ. ಈ ಕೆಲಸಕ್ಕೆ ಓಡಾಡುವ ಶಕ್ತಿ ಬೇಡ, ಎಚ್ಚರ ಬೇಕು. ಮಂಡಿನೋವಿನ ಹಿರಿಯರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ರಾತ್ರಿ ನಿದ್ದೆ ಹತ್ತದವರು ಯಾವ ಊರಿನಲ್ಲಿಲ್ಲ?

ಇನ್ನು ಸೆಟ್ಟಿನ ಗುಣ. ಸಾಧಾರಣ ರೀಚಾರ್ಜ್ ಸೆಲ್ಲುಗಳನ್ನೂ ಅಂಗಡಿಯ ಮಾಮೂಲಿ ಸೆಲ್ಲುಗಳನ್ನೂ ಹಾಕಬಹುದಾದ ಸೆಟ್ಟು ಹಳ್ಳಿಗೆ ಅನುಕೂಲ, ಏಕೆಂದರೆ ಕರೆಂಟು ಹೋದ ದಿನವೂ ಕಾವಲು ನಿಲ್ಲುವುದಿಲ್ಲ. ತನ್ನದೇ ಬ್ಯಾಟರಿ ಇರುವ ಸೆಟ್ಟಾದರೆ ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಆಗುವಂತಿರಲಿ, ಆಗ ಸೋಲಾರ್ ಲಾಟೀನಿನಿಂದಲೂ ಆದೀತು. ಬ್ಯಾಟರಿ ಬೇಗ ಇಳಿಯುವುದು ಕೇಳುವುದರಿಂದಲ್ಲ, ಮಾತಾಡುವುದರಿಂದ. ನೀರಿನ ವಿಷಯದಲ್ಲಿ ಅಂಗಡಿಯವನ ಬಾಯಿಮಾತು ಸಾಲದು. ‘ಐಪಿಎಕ್ಸ್ ೪’ ಎಂದಿದ್ದರೆ ಎರಚಲು ತಡೆಯುತ್ತದೆ ಎಂದಷ್ಟೇ ಅರ್ಥ. ‘ಐಪಿ ೬೭’ ಎಂದಿದ್ದರೆ ಗದ್ದೆಯ ನೀರಿಗೆ ಬಿದ್ದರೂ ಒಡನೆ ಎತ್ತಿಕೊಂಡರೆ ಉಳಿಯುತ್ತದೆ. ಆಷಾಢದ ಮಲೆನಾಡಿಗೆ ಎರಡನೆಯದೇ ಸರಿ. ಗುಂಡಿಗಳು ದೊಡ್ಡವಿರಲಿ, ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿಗೆ ಸಿಕ್ಕುವಂತಿರಲಿ. ಕಿವಿಗೆ ಸಿಕ್ಕಿಸುವ ತಂತಿ ಹಾಕಲು ತೂತು ಇರಲೇಬೇಕು. ಆನೆ ಹತ್ತಿರವೇ ನಿಂತಿರುವಾಗ ಸೊಂಟದ ಮೇಲಿನ ಡಬ್ಬಿ ಗೊರಗೊರ ಎಂದರೆ ಏನಾದೀತೆಂದು ಯೋಚಿಸಿ. ಮಾತು ಮುಗಿದಾಗ ‘ಬೀಪ್’ ಎನ್ನುವ ಸದ್ದನ್ನು ಮೊದಲ ದಿನವೇ ಬಂದ್ ಮಾಡಿಡಿ.

‘ಗುಟ್ಟಿನ ಕೋಡ್ ನೂರಿಪ್ಪತ್ತೊಂದು’ ಎಂದೆಲ್ಲ ಹೊಗಳುವುದುಂಟು. ಅದು ನಿಮ್ಮ ಮಾತನ್ನು ಮುಚ್ಚಿಡುವುದಿಲ್ಲ. ಬೇರೆಯವರ ಮಾತು ನಿಮ್ಮ ಸೆಟ್ಟಿನಲ್ಲಿ ಕೇಳದಂತೆ ತಡೆಯುತ್ತದೆ, ಅಷ್ಟೆ. ಅದಕ್ಕೆ ಹೆಚ್ಚು ಹಣ ಕೊಡಬೇಡಿ.

ಸೆಟ್ಟು ತಂದ ಮೇಲೆ ಅರ್ಧ ದಿನ ಅಭ್ಯಾಸ ಬೇಕು. ಇದು ಟೆಲಿಫೋನಲ್ಲ. ಒಬ್ಬರು ಗುಂಡಿ ಒತ್ತಿರುವಾಗ ಇನ್ನೊಬ್ಬರ ಮಾತು ಕೇಳದು. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಮೆಲ್ಲಗೆ ಮಾತಾಡಿ, ಗುಂಡಿ ಬಿಡಬೇಕು. ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಪದ ನುಂಗಿಹೋಗುತ್ತದೆ. ‘ಬರಬೇಡಿ’ ಎನ್ನುವ ಕಡೆ ‘ಬೇಡಿ’ ಎಂದಷ್ಟೇ ಕೇಳಿಸಿದರೆ ಏನು ಗತಿ? ಆದ್ದರಿಂದ ಮುಖ್ಯವಾದ ಮಾತನ್ನು ಎರಡು ಸಲ ಹೇಳುವ ರೂಢಿ ಒಳ್ಳೆಯದು. ಜಾಗಗಳ ಹೆಸರನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ‘ಆ ಕಡೆ’, ‘ಮೇಲೆ’ ಎಂದರೆ ಕತ್ತಲಲ್ಲಿ ಯಾರಿಗೂ ಅರ್ಥವಾಗದು. ದೊಡ್ಡ ನೇರಳೆಮರ, ಮುರಿದ ಸಂಕ, ಗೌಡರ ಬೇಲಿ ಮೂಲೆ ಎಂದರೆ ಮಗುವಿಗೂ ತಿಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಎಲ್ಲರೂ ಒಂದು ಮಾತು ಹೇಳುವ ಕಟ್ಟಳೆ ಇರಲಿ. ಒಬ್ಬರ ದನಿ ಬರಲಿಲ್ಲವೆಂದರೆ ಹುಡುಕಲು ಒಬ್ಬರೇ ಹೊರಡಬಾರದು.

ಕೈಯಲ್ಲಿ ಈ ಡಬ್ಬಿ ಇದ್ದರೆ ಯುವಕರಿಗೆ ಹುಮ್ಮಸ್ಸು ಹೆಚ್ಚುತ್ತದೆ. ಸಲಗ ಎಲ್ಲಿದೆ ನೋಡಿ ಬರುತ್ತೇನೆಂದು ಕಾಫಿ ಗಿಡಗಳ ನಡುವೆ ನುಗ್ಗುವುದುಂಟು. ರೇಡಿಯೋ ಇರುವುದು ಆನೆಯಿಂದ ದೂರವಿರಲು. ಬೆಳಗಿನ ಜಾವ ತೋಟಕ್ಕೆ ಬರುವ ಕೂಲಿಯವರನ್ನು, ಹಾಲು ಹಾಕಲು ಹೊರಟ ಹೆಂಗಸರನ್ನು, ಶಾಲೆಗೆ ಹೋಗುವ ಮಕ್ಕಳನ್ನು ತಡೆದು ನಿಲ್ಲಿಸಲು ಅದು ಬೇಕು. ಕೋವಿ ಹಾರಿಸುವ ಮೊದಲು ಉಳಿದವರು ಎಲ್ಲಿದ್ದಾರೆ ಎಂದು ಕೇಳುವುದು ಅಮೆರಿಕದ ಬೇಟೆಗಾರನ ಮೊದಲ ಪಾಠ. ಹಂದಿ ಬೆದರಿಸಲು ಗಾಳಿಯಲ್ಲಿ ಗುಂಡು ಹಾರಿಸುವ ನಮ್ಮವರಿಗೂ ಅದು ಸಲ್ಲುತ್ತದೆ. ಹಿಂಡು ಕಂಡ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಲು ಸಿಗ್ನಲ್ ಸಿಕ್ಕುವ ಜಾಗದಲ್ಲಿರುವ ಒಬ್ಬರನ್ನು ನೇಮಿಸಿಕೊಳ್ಳಿ. ನೆತ್ತಿಯ ಮನೆಯ ಹಿರಿಯರೇ ಈ ಕೆಲಸವನ್ನೂ ಮಾಡಬಹುದು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಅಟ್ಟಣೆಯಲ್ಲಿ ಕೂತು ಮಾತಾಡುವ ಸಾಹಸ ಬೇಡ.

ಎಲ್ಲರೂ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಇಡೀ ಜಮೀನಿನಲ್ಲಿ ಮೊಬೈಲ್ ಸಿಗ್ನಲ್ ಚೆನ್ನಾಗಿದ್ದರೆ ಈ ಖರ್ಚು ದಂಡ. ಕಾವಲುಗಾರ ಒಬ್ಬನೇ ಆದರೂ ಅಷ್ಟೆ, ಇನ್ನೊಂದು ತುದಿಯಲ್ಲಿ ಎಚ್ಚರವಿರುವವರು ಇಲ್ಲದ ರೇಡಿಯೋ ಬರಿಯ ಭಾರ. ಮೂರು ನಾಲ್ಕು ಮನೆಯವರು ಕೂಡಿ ಕಾಯುವ ಕಡೆ, ಹಳ್ಳ ದಿಣ್ಣೆಗಳ ನಡುವೆ ಗದ್ದೆಗಳಿರುವ ಕಡೆ, ಇದರ ಹಣ ಒಂದೇ ಸುಗ್ಗಿಯಲ್ಲಿ ಹುಟ್ಟೀತು. ಕೂಡಿ ಕೊಳ್ಳುವುದಾದರೆ ಎಲ್ಲರದೂ ಒಂದೇ ಮಾದರಿ ಇರಲಿ. ಬ್ಯಾಟರಿ, ಚಾರ್ಜರು ಅದಲುಬದಲಾಗಲು ಅನುಕೂಲ.

ಸುಗ್ಗಿ ಮುಗಿದ ಮೇಲೆ ಸೆಟ್ಟುಗಳನ್ನು ಹಾಗೇ ಗೂಡಿನಲ್ಲಿ ಎಸೆದಿಡಬಾರದು. ಸೆಲ್ಲುಗಳನ್ನು ಬಿಚ್ಚಿ ಬೇರೆ ಇಡಿ, ಇಲ್ಲವಾದರೆ ಅವು ಸೋರಿ ಒಳಗಿನ ತಗಡನ್ನು ತಿನ್ನುತ್ತವೆ. ತನ್ನದೇ ಬ್ಯಾಟರಿಯ ಸೆಟ್ಟಾದರೆ ಅರ್ಧ ಚಾರ್ಜಿನಲ್ಲಿಟ್ಟು, ಎರಡು ತಿಂಗಳಿಗೊಮ್ಮೆ ನೋಡಿ. ಒಲೆಯ ಮೇಲಿನ ಅಟ್ಟ ಅಡಿಕೆಗೆ, ಬೀಜಕ್ಕೆ ಒಳ್ಳೆಯದಿರಬಹುದು, ಬ್ಯಾಟರಿಗೆ ಆ ಬಿಸಿ ಆಗದು. ಮುಚ್ಚಳವಿರುವ ಡಬ್ಬಿಯಲ್ಲಿ, ತಂಪಾದ ಕೋಣೆಯಲ್ಲಿ, ಇಟಿಎ ಸಂಖ್ಯೆ ಬರೆದ ರಶೀದಿಯ ಸಮೇತ ಇಡಿ.