ಕ್ವಾಂಟಮ್ ಚಿಪ್‌ವರೆಗೆ ತಂತಿ ಎಳೆಯುವವರು ಯಾರು?

2025ರ ಭೌತವಿಜ್ಞಾನದ ನೊಬೆಲ್ ಸಂದದ್ದು ಒಂದು ವಿದ್ಯುತ್ ಸರ್ಕ್ಯೂಟಿಗೆ ಎಂದರೆ ತಪ್ಪಾಗದು. ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ 1984-85ರಲ್ಲಿ ಬರ್ಕ್ಲಿಯಲ್ಲಿ ತೋರಿಸಿದ್ದು ಇದನ್ನು: ಕೈಯಲ್ಲಿ ಹಿಡಿಯಬಹುದಾದ ಸರ್ಕ್ಯೂಟು ಕೂಡ, ಸೂಪರ್‌ಕಂಡಕ್ಟರಿನಿಂದ ಮಾಡಿ ಸಾಕಷ್ಟು ತಣ್ಣಗಿಟ್ಟರೆ, ಒಂದು ಪರಮಾಣುವಿನಂತೆ ವರ್ತಿಸಬಲ್ಲದು. ಭೌತವಿಜ್ಞಾನಕ್ಕೂ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೂ ನಡುವಿನ ಗೋಡೆ ನಲವತ್ತು ವರ್ಷದ ಹಿಂದೆಯೇ ಬಿರುಕು ಬಿಟ್ಟಿತ್ತು. ನಮ್ಮ ಬಹುತೇಕ ಕಾಲೇಜುಗಳಲ್ಲಿ ಅದಿನ್ನೂ ಗಟ್ಟಿಯಾಗಿದೆ.

ಆ ಪ್ರಯೋಗದ ವಂಶದಲ್ಲೇ ಹುಟ್ಟಿದ್ದು ಇಂದಿನ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್. ಅದಕ್ಕೆ ಆಜ್ಞೆ ಹೋಗುವುದು ಸುಮಾರು 5 ಗಿಗಾಹರ್ಟ್ಸ್‌ನ ಮೈಕ್ರೊವೇವ್ ಮಿಡಿತಗಳಲ್ಲಿ. ಕ್ಯೂಬಿಟ್ ಕೂತಿರುವುದು ನಿರಪೇಕ್ಷ ಶೂನ್ಯಕ್ಕಿಂತ ಒಂದೆರಡು ಶತಾಂಶ ಡಿಗ್ರಿಯಷ್ಟೇ ಮೇಲೆ. ಮಿಡಿತ ಹೊರಡುವುದು ನಾವು ಕೂತಿರುವ ಕೋಣೆಯಿಂದ. ಕೋಣೆಯ ಶಾಖದ ಗದ್ದಲವೂ ಅದೇ ತಂತಿ ಹಿಡಿದು ಇಳಿಯುತ್ತದೆ. ಅದನ್ನು ಹಂತಹಂತವಾಗಿ ಸುಮಾರು 60 ಡೆಸಿಬೆಲ್, ಅಂದರೆ ಹತ್ತು ಲಕ್ಷ ಪಟ್ಟು ತಗ್ಗಿಸಬೇಕು. ಹಿಂದಿರುಗುವ ಕ್ಷೀಣ ಉತ್ತರವನ್ನು ಕೆಡದಂತೆ ಹಿಗ್ಗಿಸಬೇಕು. ಇದು ಶುದ್ಧ ಎಲೆಕ್ಟ್ರಿಕಲ್ ಕೆಲಸ. ಆದರೆ ಕ್ಯೂಬಿಟ್ ಏಕೆ ಕೆಡುತ್ತದೆಂದು ತಿಳಿಯದವರಿಂದ ಆಗದ ಕೆಲಸ.

ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 2024ರ ಆಗಸ್ಟ್‌ನಲ್ಲಿ ಪರೀಕ್ಷೆ ಮುಗಿಸಿದ 6 ಕ್ಯೂಬಿಟ್‌ಗಳ ಪ್ರೊಸೆಸರಿನ ಚಿಪ್ ತಯಾರಾದದ್ದು ಮುಂಬಯಿಯ ಟಿಐಎಫ್‌ಆರ್‌ನಲ್ಲಿ. ಅದನ್ನು ನಡೆಸುವ, ಅಳೆಯುವ ಎಲೆಕ್ಟ್ರಾನಿಕ್ಸ್ ಕಟ್ಟಿದ್ದು ಪುಣೆಯ ಡಿಆರ್‌ಡಿಒ ಪ್ರಯೋಗಾಲಯ. ಕ್ಲೌಡ್ ಮೂಲಕ ಬಳಸುವ ವ್ಯವಸ್ಥೆ ಟಿಸಿಎಸ್‌ನದು. ಆರು ಕ್ಯೂಬಿಟ್ ದೊಡ್ಡ ಸಂಖ್ಯೆಯಲ್ಲ. ಮೂರು ಬಗೆಯ ಜನ ಒಂದೇ ಯಂತ್ರದ ಮುಂದೆ ಕೂತದ್ದು ದೊಡ್ಡದು.

2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಮೀಸಲಾದ ಹಣ 6003.65 ಕೋಟಿ ರೂಪಾಯಿ. ಬೆಂಗಳೂರು, ಚೆನ್ನೈ, ಮುಂಬಯಿ, ದೆಹಲಿಗಳಲ್ಲಿ ನಾಲ್ಕು ಕೇಂದ್ರಗಳಿವೆ. ಹಣದಿಂದ ಫ್ರಿಜ್ ಕೊಳ್ಳಬಹುದು. ಎರಡೂ ವಿಭಾಗಗಳ ಭಾಷೆ ಬಲ್ಲ ಮನುಷ್ಯರನ್ನು ಕೊಳ್ಳಲಾಗದು, ಬೆಳೆಸಬೇಕು. ಬೆಳೆಸುವ ಜಾಗದಲ್ಲಿ ಏನಾಗುತ್ತಿದೆ? ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಗೆ ಭೌತವಿಜ್ಞಾನ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿಯುತ್ತದೆ. ಎಂ.ಎಸ್ಸಿ. ಭೌತವಿಜ್ಞಾನದ ಹುಡುಗ ಮೈಕ್ರೊವೇವ್ ಸರ್ಕ್ಯೂಟನ್ನು ಕೈಯಿಂದ ಮುಟ್ಟದೆಯೇ ಪದವಿ ಪಡೆಯಬಲ್ಲ. ಇಬ್ಬರ ನಡುವೆ ನಿಂತು ಪಿಎಚ್.ಡಿ. ಮಾಡಿದವರಿಗೆ ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆ ಒಂದೇ: ನೀವು ಯಾವ ವಿಭಾಗದವರು?

ಎಲ್ಲವನ್ನೂ ಸ್ವಲ್ಪಸ್ವಲ್ಪ ಕಲಿತವರು ಯಾವುದಕ್ಕೂ ಆಗುವುದಿಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಆಂಪ್ಲಿಫೈಯರ್ ವಿನ್ಯಾಸಕ್ಕೆ ಆಳವಾದ ಪರಿಣತಿ ಬೇಕೇ ಬೇಕು. ಹಾಗಾಗಿ ನಾನು ಕೇಳುತ್ತಿರುವುದು ಕಲಸುಮೇಲೋಗರವನ್ನಲ್ಲ. ಒಂದು ವಿದ್ಯೆಯಲ್ಲಿ ಆಳ ಇರಲಿ, ಪಕ್ಕದ ವಿದ್ಯೆಯ ತಪ್ಪನ್ನು ಗುರುತಿಸುವಷ್ಟು ಪರಿಚಯವೂ ಇರಲಿ. ಅಳತೆಯಲ್ಲಿ ಕಂಡ ವಿಚಿತ್ರ ಏರಿಳಿತ ಹೊಸ ಭೌತವಿಜ್ಞಾನವೋ ಸಡಿಲವಾದ ಕನೆಕ್ಟರೋ ಎಂದು ಹೇಳಲು ಅಷ್ಟು ಬೇಕು.

ಇದಕ್ಕೆ ದೊಡ್ಡ ಕ್ರಾಂತಿ ಬೇಡ. ಎರಡು ವಿಭಾಗಗಳು ಸೇರಿ ನಡೆಸುವ ಒಂದು ಪ್ರಯೋಗಾಲಯದ ಪತ್ರಿಕೆ, ಇಬ್ಬರು ಮಾರ್ಗದರ್ಶಕರಿರುವ ಪಿಎಚ್.ಡಿ., ಉಪಕರಣ ಕಟ್ಟಿದವರ ಕೆಲಸಕ್ಕೂ ಬಡ್ತಿಯಲ್ಲಿ ಅಂಕ. ಭಾರತೀಯ ವಿಜ್ಞಾನ ಸಂಸ್ಥೆ 2021ರಲ್ಲೇ ಕ್ವಾಂಟಮ್ ತಂತ್ರಜ್ಞಾನದ ಎಂ.ಟೆಕ್. ಆರಂಭಿಸಿತು. ಆದರೆ ಅಂಥ ದಾರಿ ಕೆಲವೇ ದೊಡ್ಡ ಸಂಸ್ಥೆಗಳ ಒಳಗೆ ಉಳಿದರೆ ಸಾಲದು. ತಂತಿ ಎಳೆಯುವ ಕೈಗಳು ದಾವಣಗೆರೆಯಲ್ಲೂ ಸೊಲ್ಲಾಪುರದಲ್ಲೂ ಓದುತ್ತಿವೆ.