ನಾಲ್ಕು ಕಾಲಗಳ ಕಥೆ, ಹತ್ತು ಭವಗಳ ವೈರ

1916ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕ್ ನಗರದಲ್ಲಿ ಒಂದು ಮೂಕಿಚಿತ್ರದ ಪ್ರದರ್ಶನ ಆರಂಭವಾಯಿತು. ಅದರ ಹೆಸರು ‘ಇನ್‌ಟಾಲರೆನ್ಸ್’, ಎಂದರೆ ಅಸಹನೆ. ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್. ಮೂರು ಗಂಟೆಗಳಷ್ಟು ದೀರ್ಘವಾದ ಆ ಚಿತ್ರದಲ್ಲಿ ಇರುವುದು ಒಂದು ಕಥೆಯಲ್ಲ, ನಾಲ್ಕು. ಒಂದು ಕ್ರಿಸ್ತಪೂರ್ವ 539ರ ಬ್ಯಾಬಿಲೋನ್‌ನದು. ಇಷ್ಟಾರ್ ದೇವಿಯ ಆರಾಧನೆ ನಗರದಲ್ಲಿ ಬೆಳೆಯುವುದನ್ನು ಸಹಿಸಲಾರದ ಬೇಲ್ ದೇವರ ಪ್ರಧಾನ ಅರ್ಚಕ ಪಾರಸಿಕ ದೊರೆ ಸೈರಸ್‌ನಿಗೆ ನಗರವನ್ನೇ ಒಪ್ಪಿಸಿಬಿಡುತ್ತಾನೆ. ಇನ್ನೊಂದು ಯೇಸುವಿನ ಕಾಲದ ಜುದೇಯದ್ದು. ಮೂರನೆಯದು 1572ರ ಫ್ರಾನ್ಸಿನದು. ರಾಜಮಾತೆ ಕ್ಯಾಥರೀನ್ ಡಿ ಮೆಡಿಚಿಯ ಒತ್ತಾಯಕ್ಕೆ ಮಣಿದ ದೊರೆ ಒಂಬತ್ತನೆಯ ಚಾರ್ಲ್ಸ್‌ನ ಆಜ್ಞೆಯಿಂದ ಪ್ಯಾರಿಸ್ಸಿನಲ್ಲಿ ಪ್ರೊಟೆಸ್ಟೆಂಟರ ಮಾರಣಹೋಮ ನಡೆಯುತ್ತದೆ, ಮದುವೆಯ ಹೊಸ್ತಿಲಲ್ಲಿದ್ದ ತರುಣಿಯೊಬ್ಬಳು ಅದಕ್ಕೆ ಬಲಿಯಾಗುತ್ತಾಳೆ. ನಾಲ್ಕನೆಯದು ಅಂದಿನ ಅಮೆರಿಕದ ಗಿರಣಿ ಕಾರ್ಮಿಕರ ಕಥೆ.

ಈ ನಾಲ್ಕನೆಯದೇ ಹೆಚ್ಚು ಚಿಂತನೆಗೆ ಹಚ್ಚುವಂಥದ್ದು. ಇದರಲ್ಲಿ ಕತ್ತಿ ಹಿಡಿದ ಸೈನ್ಯವಿಲ್ಲ, ಕ್ರೂರಿಯಾದ ದೊರೆಯಿಲ್ಲ. ಸಮಾಜವನ್ನು ಉದ್ಧರಿಸಹೊರಟ ಸಜ್ಜನರ ಗುಂಪೊಂದಿದೆ. ಅವರ ದಾನಧರ್ಮಕ್ಕೆ ಹಣ ಸಾಲದೆ ಬಂದಾಗ ಗಿರಣಿಯ ಮಾಲೀಕ ಕಾರ್ಮಿಕರ ಕೂಲಿಯಲ್ಲಿ ನೂರಕ್ಕೆ ಹತ್ತರಷ್ಟನ್ನು ಕಡಿತ ಮಾಡುತ್ತಾನೆ. ಮುಷ್ಕರವಾಗುತ್ತದೆ, ಗುಂಡು ಹಾರುತ್ತದೆ. ದಿಕ್ಕೆಟ್ಟು ನಗರ ಸೇರಿದ ಬಡ ತಾಯಿಯೊಬ್ಬಳು ಮಗುವನ್ನು ಸಾಕಲು ಯೋಗ್ಯಳಲ್ಲವೆಂದು ಅದೇ ಸಜ್ಜನರು ತೀರ್ಮಾನಿಸಿ ತೊಟ್ಟಿಲಿನ ಕೂಸನ್ನು ಎತ್ತಿಕೊಂಡು ಹೋಗುತ್ತಾರೆ. ತಮ್ಮ ಕಣ್ಣಿಗೆ ಅವರು ಹಿಂಸಕರಲ್ಲ. ಪುಣ್ಯಕಾರ್ಯ ಮಾಡುತ್ತಿದ್ದೇವೆಂಬ ದೃಢವಾದ ನಂಬಿಕೆ ಅವರದು. ಒಳಿತಿನ ಹೆಸರಿನಲ್ಲಿ ನಡೆಯುವ ಹಿಂಸೆಗೆ ಪಶ್ಚಾತ್ತಾಪವೇ ಹುಟ್ಟುವುದಿಲ್ಲವೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯಗಳು ಆ ಕಾಲದ ಸಿನಿಮಾದಲ್ಲಿ ವಿರಳ.

ಗ್ರಿಫಿತ್ ಈ ನಾಲ್ಕು ಕಥೆಗಳನ್ನು ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ಹೇಳಲಿಲ್ಲ. ಬ್ಯಾಬಿಲೋನ್‌ನಿಂದ ಪ್ಯಾರಿಸ್ಸಿಗೆ, ಅಲ್ಲಿಂದ ಅಮೆರಿಕದ ಬೀದಿಗೆ, ಮತ್ತೆ ಜುದೇಯಕ್ಕೆ ಚಿತ್ರ ಹರಿದಾಡುತ್ತದೆ. ನಡುನಡುವೆ ತೊಟ್ಟಿಲು ತೂಗುವ ಹೆಂಗಸಿನ ಚಿತ್ರವೊಂದು ಬಂದು ಹೋಗುತ್ತದೆ. ಕಾಲ ಬದಲಾದರೂ ಹುಟ್ಟಿ ಬರುವ ಮನುಷ್ಯನ ಪಾಡು ಅದೇ ಎಂಬ ಸೂಚನೆ ಅದು. ಕಥೆ ಮುಂದುವರಿದಂತೆ ದೃಶ್ಯಗಳು ಬೇಗಬೇಗನೆ ಬದಲಾಗುತ್ತವೆ. ಬ್ಯಾಬಿಲೋನನ್ನು ಎಚ್ಚರಿಸಲು ರಥವೇರಿ ಧಾವಿಸುವ ಹುಡುಗಿ, ಶಿಲುಬೆ ಹೊತ್ತು ನಡೆಯುವ ಯೇಸು, ಪ್ಯಾರಿಸ್ಸಿನ ಬೀದಿಗಳಲ್ಲಿ ಪ್ರೇಯಸಿಯ ಮನೆಯ ಕಡೆಗೆ ಓಡುವ ತರುಣ, ನಿರಪರಾಧಿಯ ಗಲ್ಲು ತಪ್ಪಿಸಲು ರೈಲನ್ನು ಬೆನ್ನಟ್ಟುವ ಮೋಟಾರು ಕಾರು, ಎಲ್ಲವೂ ಒಂದೇ ಓಟವಾಗಿಬಿಡುತ್ತವೆ. ಮೂರು ಕಡೆ ಸಾವು ಗೆಲ್ಲುತ್ತದೆ. ಗಲ್ಲಿನ ಹಲಗೆ ಬೀಳುವ ಕ್ಷಣದಲ್ಲಿ ಒಬ್ಬನು ಮಾತ್ರ ಬದುಕುತ್ತಾನೆ. ಕೊನೆಗೆ ಆಕಾಶದಲ್ಲಿ ದೇವತೆಗಳು ಕಾಣಿಸಿಕೊಂಡು ಯುದ್ಧಭೂಮಿಯ ಸೈನಿಕರು ಆಯುಧ ಕೆಳಗಿಳಿಸುತ್ತಾರೆ, ಸೆರೆಮನೆಯ ಗೋಡೆಗಳು ಕರಗಿಹೋಗುತ್ತವೆ.

ಇಷ್ಟು ದೊಡ್ಡ ಮನಸ್ಸಿನ ಚಿತ್ರ ಮಾಡಿದವನು ಅದಕ್ಕೆ ಒಂದು ವರ್ಷದ ಹಿಂದೆ, 1915ರಲ್ಲಿ, ಮಾಡಿದ್ದೇನು? ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಚಿತ್ರ. ಅದರಲ್ಲಿ ಕಪ್ಪು ಜನರನ್ನು ದುಷ್ಟರೆಂದೂ ಮುಖ ಮುಚ್ಚಿಕೊಂಡು ಅವರನ್ನು ಬೇಟೆಯಾಡಿದ ಕು ಕ್ಲಕ್ಸ್ ಕ್ಲಾನ್ ತಂಡದವರನ್ನು ವೀರರೆಂದೂ ತೋರಿಸಲಾಗಿತ್ತು. ಕಪ್ಪು ಜನರ ಸಂಘಟನೆಗಳು ಪ್ರತಿಭಟಿಸಿದವು, ಪ್ರದರ್ಶನ ನಿಲ್ಲಿಸಬೇಕೆಂದು ಕೇಳಿದವು. ನಾಮಾವಶೇಷವಾಗಿದ್ದ ಕ್ಲಾನ್ ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು. ಗ್ರಿಫಿತ್‌ಗೆ ಮಾತ್ರ ಅಸಹನೆ ಕಂಡದ್ದು ತನ್ನನ್ನು ಟೀಕಿಸಿದವರಲ್ಲಿ. ವಾಕ್ ಸ್ವಾತಂತ್ರ್ಯಕ್ಕೆ ಕುತ್ತು ಬಂದಿದೆಯೆಂದು ಒಂದು ಕಿರುಹೊತ್ತಿಗೆಯನ್ನೂ ಪ್ರಕಟಿಸಿದ. ಎರಡೂವರೆ ಸಾವಿರ ವರ್ಷಗಳ ಅಸಹನೆಯನ್ನು ತೆರೆಯ ಮೇಲೆ ಹರಡಿದವನಿಗೆ ಒಂದು ವರ್ಷದ ಹಿಂದಿನ ತನ್ನದು ಕಾಣಲಿಲ್ಲ. ಕಥೆ ಇಲ್ಲಿಗೂ ನಿಲ್ಲದು. ಸೈನಿಕರು ಆಯುಧ ಬಿಡುವ ದೃಶ್ಯ ತೆಗೆದ ಆತನೇ 1918ರಲ್ಲಿ ಬ್ರಿಟಿಷ್ ಸರ್ಕಾರದ ಆಹ್ವಾನದ ಮೇರೆಗೆ ಜರ್ಮನ್ನರನ್ನು ರಾಕ್ಷಸರಂತೆ ಚಿತ್ರಿಸಿದ ಯುದ್ಧಪ್ರಚಾರದ ಚಿತ್ರವೊಂದನ್ನೂ ಮಾಡಿದ.

ಇದನ್ನು ಬೂಟಾಟಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಜಿನಾಗಮದ ದೃಷ್ಟಿಯಿಂದ ನೋಡಿದರೆ ದೋಷ ಇನ್ನೂ ಆಳದ್ದು. ಮಿಥ್ಯಾತ್ವದ ಐದು ಬಗೆಗಳಲ್ಲಿ ಮೊದಲು ಹೇಳುವುದೇ ಏಕಾಂತವನ್ನು. ವಸ್ತುವಿನ ಒಂದು ಮುಖವನ್ನು ಹಿಡಿದು ಇದಿಷ್ಟೇ ಎಂದು ಸಾಧಿಸುವ ಹಟ ಅದು. ಹಟ ಹಿಡಿದವನಿಗೆ ತಾನು ಹಟಮಾರಿಯೆಂದು ತೋರುವುದಿಲ್ಲ; ತೋರಿದರೆ ಅದು ಏಕಾಂತವಾಗಿ ಉಳಿಯುವುದೂ ಇಲ್ಲ. ಗ್ರಿಫಿತ್‌ನ ಚಿತ್ರದ ಕಟ್ಟಡದಲ್ಲೇ ಈ ಕುರುಡಿಗೆ ಎಡೆಯಿದೆ. ನಾಲ್ಕು ಕಾಲಗಳಲ್ಲಿಯೂ ಅಸಹನೆ ಬೇರೊಬ್ಬರದು: ಅರ್ಚಕನದು, ರಾಜಮಾತೆಯದು, ಸುಧಾರಕರದು. ಪ್ರೇಕ್ಷಕನು ನಾಲ್ಕು ಸಲವೂ ಪೀಡಿತರ ಪಕ್ಕದಲ್ಲಿ ಕುಳಿತು ಕಣ್ಣೀರು ಹಾಕಿ, ತಾನು ಶುದ್ಧನೆಂಬ ತೃಪ್ತಿಯಿಂದ ಮನೆಗೆ ಹೋಗಬಹುದು. ನಿರ್ದೇಶಕನೂ ಹಾಗೆಯೇ ಹೋದ.

ಜೈನ ಪುರಾಣಗಳೂ ಒಂದೇ ಬಗೆಯ ಸಂಘರ್ಷವನ್ನು ಬೇರೆಬೇರೆ ಕಾಲಗಳಲ್ಲಿಟ್ಟು ತೋರಿಸುತ್ತವೆ. ಆದರೆ ಅವುಗಳ ಕ್ರಮ ಬೇರೆ. ಕಾಲ ಬದಲಾಗುತ್ತದೆ, ಶರೀರ ಬದಲಾಗುತ್ತದೆ, ಜೀವ ಮಾತ್ರ ಅದೇ. ಇದಕ್ಕೆ ಭವಾವಳಿ ಎಂದು ಹೆಸರು. ಪಂಪನ ಆದಿಪುರಾಣವನ್ನಾಗಲಿ ಜನ್ನನ ಯಶೋಧರ ಚರಿತೆಯನ್ನಾಗಲಿ ಓದಿದವರಿಗೆ ಇದು ಹೊಸತಲ್ಲ. ವೈರದ ಭವಾವಳಿಯನ್ನು ನೋಡಬೇಕಾದರೆ ಭಗವಾನ್ ಪಾರ್ಶ್ವನಾಥರ ಚರಿತೆಗೆ ಹೋಗಬೇಕು.

ಪೋದನಪುರದ ಅರವಿಂದ ಮಹಾರಾಜನ ಆಸ್ಥಾನದಲ್ಲಿ ಕಮಠ ಮತ್ತು ಮರುಭೂತಿ ಎಂಬ ಅಣ್ಣತಮ್ಮಂದಿರು. ಮರುಭೂತಿ ಊರಿನಲ್ಲಿಲ್ಲದಾಗ ಕಮಠನು ತಮ್ಮನ ಹೆಂಡತಿಯಲ್ಲಿ ಅನುಚಿತವಾಗಿ ವರ್ತಿಸಿ ರಾಜದಂಡನೆಗೆ ಗುರಿಯಾಗಿ ದೇಶಭ್ರಷ್ಟನಾಗುತ್ತಾನೆ. ಬೆಟ್ಟದ ಮೇಲೆ ಕಲ್ಲುಬಂಡೆಯನ್ನು ಎತ್ತಿ ಹಿಡಿದು ತಪಸ್ಸಿಗೆ ನಿಲ್ಲುತ್ತಾನೆ. ಅನ್ಯಾಯಕ್ಕೆ ಒಳಗಾದ ತಮ್ಮನೇ ಅಣ್ಣನನ್ನು ಹುಡುಕಿಕೊಂಡು ಹೋಗಿ ಕಾಲಿಗೆರಗುತ್ತಾನೆ. ಕಮಠ ಅದೇ ಬಂಡೆಯನ್ನು ಅವನ ತಲೆಯ ಮೇಲೆ ಹಾಕುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಷಮೆ ಕೇಳಲು ಹೋದ ಮರುಭೂತಿಯೂ ಸಾಯುವ ಗಳಿಗೆಯಲ್ಲಿ ಆರ್ತಧ್ಯಾನಕ್ಕೆ ಒಳಗಾದುದರಿಂದ ಆನೆಯಾಗಿ ಹುಟ್ಟಿದನೆಂದು ಪುರಾಣ ಹೇಳುತ್ತದೆ. ಪೀಡಿತನೆಂಬ ಕಾರಣಕ್ಕೆ ಯಾರಿಗೂ ರಿಯಾಯಿತಿಯಿಲ್ಲ. ವಜ್ರಘೋಷವೆಂಬ ಆ ಮದಗಜ ಮೊದಲು ಕಂಡಕಂಡವರನ್ನು ತುಳಿಯುತ್ತದೆ. ಮುನಿಯಾಗಿದ್ದ ಅರವಿಂದನನ್ನು ಕಂಡಾಗ ಹಿಂದಿನ ಭವ ನೆನಪಾಗಿ ಶಾಂತವಾಗುತ್ತದೆ, ವ್ರತ ಹಿಡಿಯುತ್ತದೆ, ಉದುರಿದ ಒಣಎಲೆ ತಿಂದು ಬದುಕುತ್ತದೆ. ಉಪವಾಸದಿಂದ ಕೃಶವಾದ ಆನೆ ನೀರಿಗೆ ಇಳಿದು ಕೆಸರಿನಲ್ಲಿ ಹೂತುಕೊಂಡಿರುವಾಗ ಕುಕ್ಕುಟಸರ್ಪವಾಗಿ ಹುಟ್ಟಿದ್ದ ಕಮಠನ ಜೀವ ಬಂದು ಕಚ್ಚುತ್ತದೆ. ಈ ಸಲ ಸಾಯುವವನ ಮನಸ್ಸಿನಲ್ಲಿ ಸಮತೆ. ಮುಂದೆ ಒಬ್ಬ ಮುನಿಯಾದರೆ ಇನ್ನೊಬ್ಬ ಹೆಬ್ಬಾವು. ಒಬ್ಬ ರಾಜ್ಯ ಬಿಟ್ಟ ವಜ್ರನಾಭಿಯಾದರೆ ಇನ್ನೊಬ್ಬ ಬಾಣ ಹೂಡಿದ ಬೇಡ. ಒಬ್ಬ ಆನಂದ ಮುನಿಯಾದರೆ ಇನ್ನೊಬ್ಬ ಸಿಂಹ. ನಡುವೆ ಒಬ್ಬನಿಗೆ ಸ್ವರ್ಗ, ಇನ್ನೊಬ್ಬನಿಗೆ ನರಕ. ಎರಡು ಕೈ ಸೇರದೆ ಚಪ್ಪಾಳೆಯಾಗದೆಂದು ಲೋಕ ಹೇಳುತ್ತದೆ. ಈ ವೈರದಲ್ಲಿ ಒಂದು ಕೈ ಭವಭವಕ್ಕೂ ಹಿಂದೆ ಸರಿಯುತ್ತಿದೆ, ಇನ್ನೊಂದು ಗಾಳಿಯನ್ನೇ ಬಡಿಯುತ್ತಿದೆ.

ಹತ್ತನೆಯ ಭವದಲ್ಲಿ ಪಾರ್ಶ್ವಕುಮಾರ, ಎದುರಿಗೆ ಶಂಬರನೆಂಬ ದೇವ. ತಪಸ್ಸಿಗೆ ನಿಂತ ಪಾರ್ಶ್ವರ ಮೇಲೆ ಶಂಬರನು ಮಳೆ, ಗಾಳಿ, ಬಂಡೆಗಳನ್ನು ಸುರಿಸುತ್ತಾನೆ. ಧರಣೇಂದ್ರ, ಪದ್ಮಾವತಿಯರು ಬಂದು ಹೆಡೆಯ ನೆರಳು ಹಿಡಿಯುತ್ತಾರೆ. ಭಕ್ತರ ಕಣ್ಣು ಸಾಮಾನ್ಯವಾಗಿ ಆ ಹೆಡೆಯ ಮೇಲೆಯೇ ನಿಲ್ಲುತ್ತದೆ. ಹುಂಚದಲ್ಲಿ ಪದ್ಮಾವತಿಯ ದರ್ಶನಕ್ಕೆ ನೆರೆಯುವವರಿಗೆ ಈ ಪ್ರಸಂಗ ಬಾಯಿಪಾಠ. ಆದರೆ ಗ್ರಿಫಿತ್‌ನ ದೇವತೆಗಳಿಗೂ ಇವರಿಗೂ ಒಂದು ಅಂತರವಿದೆ. ಅಲ್ಲಿ ದೇವತೆಗಳು ಬಂದುದರಿಂದ ಆಯುಧಗಳು ಕೆಳಗಿಳಿದವು. ಇಲ್ಲಿ ವೈರ ಮುಗಿದುದು ಹೆಡೆಯ ಬಲದಿಂದಲ್ಲ. ಕಾಪಾಡಿದ ಧರಣೇಂದ್ರನಲ್ಲಿ ರಾಗವಿಲ್ಲ, ಬಂಡೆ ಎಸೆದ ಶಂಬರನಲ್ಲಿ ದ್ವೇಷವಿಲ್ಲ ಎಂಬ ಸ್ಥಿತಿಗೆ ಒಂದು ಜೀವ ಮುಟ್ಟಿತು, ಕೇವಲಜ್ಞಾನ ಉದಯಿಸಿತು. ಆಮೇಲೆ ಶಂಬರನೂ ಶಾಂತನಾಗಿ ಸಮ್ಯಕ್ತ್ವ ಪಡೆದನೆಂದು ಉತ್ತರಪುರಾಣದ ಪರಂಪರೆ ಹೇಳುತ್ತದೆ.

ಒಂದು ಬಂಡೆಯ ಏಟು ಇಷ್ಟು ಭವಗಳವರೆಗೆ ಹೇಗೆ ಉಳಿಯಿತು? ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕಷಾಯಗಳ ವಾಸನೆ ಎಷ್ಟು ಕಾಲ ಇರುತ್ತದೆಂದು ಲೆಕ್ಕ ಕೊಟ್ಟಿದ್ದಾರೆ. ಸಂಜ್ವಲನ ಕಷಾಯದ್ದು ಅಂತರ್ಮುಹೂರ್ತ, ಪ್ರತ್ಯಾಖ್ಯಾನದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನದ್ದು ಆರು ತಿಂಗಳು. ಅದನ್ನೂ ಮೀರಿ ಉಳಿದದ್ದು ಅನಂತಾನುಬಂಧಿ. ಅದು ಸಂಖ್ಯಾತ, ಅಸಂಖ್ಯಾತ, ಅನಂತ ಭವಗಳವರೆಗೂ ಬೆನ್ನು ಬಿಡದು. ಕ್ರೋಧದ ಈ ನಾಲ್ಕು ಮಟ್ಟಗಳನ್ನು ನೀರಿನ ಗೆರೆ, ಮರಳಿನ ಗೆರೆ, ನೆಲದ ಗೆರೆ, ಕಲ್ಲಿನ ಗೆರೆಗಳಿಗೆ ಹೋಲಿಸುವುದು ವಾಡಿಕೆ. ಇದು ದಂಡಸಂಹಿತೆಯಲ್ಲ, ರೋಗಿಯ ನಾಡಿ ಹಿಡಿದು ನೋಡುವ ಕ್ರಮ. ಯಾರೊಡನೆಯಾದರೂ ಆದ ಜಗಳಕ್ಕೆ ಆರು ತಿಂಗಳು ಕಳೆದಿದ್ದು, ಅವರ ಹೆಸರು ಕೇಳಿದಾಗ ಇನ್ನೂ ಮುಖ ಬಿಗಿಯುವುದಾದರೆ, ಆ ಗೆರೆ ಯಾವುದರ ಮೇಲೆ ಬಿದ್ದಿದೆಯೆಂಬುದನ್ನು ಶ್ರಾವಕನು ತಾನೇ ತಿಳಿದುಕೊಳ್ಳಬಹುದು.

ಪಾರ್ಶ್ವಚರಿತೆಯನ್ನು ಕೇಳುವ ಪ್ರತಿಯೊಬ್ಬನೂ ತನ್ನನ್ನು ಮರುಭೂತಿಯ ಕಡೆ ನಿಲ್ಲಿಸಿಕೊಳ್ಳುತ್ತಾನೆ. ಕಮಠನ ಜಾಗ ಸದಾ ಖಾಲಿ. ವ್ಯಕ್ತಿಗೆ ಹೇಗೋ ಸಮಾಜಕ್ಕೂ ಹಾಗೆಯೇ. ಶ್ರವಣಬೆಳಗೊಳದ 1368ರ ಶಾಸನ ಜೈನ ಬಂಧುಗಳಿಗೆ ಚೆನ್ನಾಗಿ ನೆನಪಿರುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಇಬ್ಬರಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ ಶಾಸನ ಅದು. ನೆನಪಿರಬೇಕಾದದ್ದೇ, ಅಲ್ಲಿ ಮೊರೆಯಿಟ್ಟವರು ಜೈನರು.

ಇನ್ನೊಂದು ಅಷ್ಟು ಬೇಗ ನೆನಪಾಗುವುದಿಲ್ಲ. ಮಹಾರಾಷ್ಟ್ರದ ಶಿರಪುರದಲ್ಲಿ ಅಂತರಿಕ್ಷ ಪಾರ್ಶ್ವನಾಥರ ಪ್ರಾಚೀನ ಬಿಂಬವಿದೆ. ಅದರ ಪೂಜೆ ಮತ್ತು ಆಡಳಿತದ ಹಕ್ಕಿಗಾಗಿ ದಿಗಂಬರರಿಗೂ ಶ್ವೇತಾಂಬರರಿಗೂ ನಡೆದ ವ್ಯಾಜ್ಯ 1929ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಲ್ಲಿಗೂ ಮುಗಿಯದೆ, ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಮಂದಿರದ ಬಾಗಿಲಿಗೆ ಬೀಗ ಬಿದ್ದಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಎರಡೂ ಕಡೆಯವರ ನಡುವೆ ಹೊಡೆದಾಟವಾಯಿತು. ಹಕ್ಕು ಯಾರದೆಂದು ಹೇಳಲು ನ್ಯಾಯಾಲಯವಿದೆ; ಇಲ್ಲಿ ಅದು ಪ್ರಶ್ನೆಯಲ್ಲ. ಹತ್ತು ಭವಗಳ ವೈರವನ್ನು ಕಳೆದುಕೊಂಡ ಪ್ರಭುವಿನ ಮುಂದೆಯೇ, ಅನೇಕಾಂತವನ್ನು ಜಗತ್ತಿಗೆ ಕೊಟ್ಟೆವೆಂದು ಹೆಮ್ಮೆಪಡುವ ಜನರ ಕೈಯಿಂದಲೇ ಅದು ನಡೆಯಿತು ಎಂಬುದಷ್ಟೇ ಗಮನಿಸಬೇಕಾದದ್ದು. ಅಲ್ಲಿ ಎರಡೂ ಕಡೆಯವರು ತಮ್ಮನ್ನು ಮರುಭೂತಿಯೆಂದೇ ತಿಳಿದಿದ್ದರು. ಎರಡೂ ಪಂಥಗಳಿಗೆ ಅನೇಕಾಂತ ಸಮಾನವಾದ ಸಿದ್ಧಾಂತ. ಅದನ್ನು ಅನ್ಯಮತಗಳಿಗೆ ಬೋಧಿಸುವ ಉಪನ್ಯಾಸಗಳು ಸಾಕಷ್ಟು ನಡೆಯುತ್ತವೆ. ಪರಸ್ಪರರ ಮೇಲೆ ಪ್ರಯೋಗಿಸಿ ನೋಡುವ ಸಭೆಗಳು ಕಡಿಮೆ.

ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಂದು ಈಗ ಮುಂಜಾನೆಯಿಂದಲೇ ಫೋನುಗಳಲ್ಲಿ ಸಂದೇಶಗಳು ತುಂಬುತ್ತವೆ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಎಂಬ ಒಂದೇ ಒಕ್ಕಣೆ ಐನೂರು ಜನರಿಗೆ ಹೋಗುತ್ತದೆ. ನಿಜವಾಗಿ ಮನಸ್ತಾಪವಿರುವ ಆ ಒಬ್ಬರು ಮಾತ್ರ ಎಷ್ಟೋ ಸಲ ಪಟ್ಟಿಯಲ್ಲಿರುವುದಿಲ್ಲ. ಪ್ರತಿಕ್ರಮಣದ ಕ್ರಮ ಹೀಗಿಲ್ಲ. ಅಲ್ಲಿ ಆದರೆ ಎಂಬ ಮಾತಿಗೆ ಅವಕಾಶವಿಲ್ಲ. ಮಾಡಿದೆ, ಮಾಡಿಸಿದೆ, ಮಾಡಿದವರಿಗೆ ಅನುಮೋದನೆ ಕೊಟ್ಟೆ ಎಂದು ಮೂರು ಬಗೆಯಾಗಿ ಎಣಿಸಬೇಕು. ಮೂರನೆಯ ಬಗೆಯಲ್ಲಿ ಪ್ರೇಕ್ಷಕನೂ ಸೇರುತ್ತಾನೆ. 1915ರ ಆ ಚಿತ್ರಕ್ಕೆ ಕಿಕ್ಕಿರಿದು ಸೇರಿ ಚಪ್ಪಾಳೆ ತಟ್ಟಿದ ಜನರೆಲ್ಲ ಅನುಮೋದನೆಯ ಲೆಕ್ಕಕ್ಕೆ ಬಂದರು. ತನ್ನ ಪಂಥದವನು ಇನ್ನೊಂದು ಪಂಥದವನನ್ನು ಹೀನಾಯವಾಗಿ ಬೈದದ್ದನ್ನು ಮೆಚ್ಚಿ ಹತ್ತು ಜನಕ್ಕೆ ಕಳಿಸಿದವನೂ ಬರುತ್ತಾನೆ.

ಎಲ್ಲೋರದ ಜೈನ ಗುಹೆಗಳಲ್ಲಿ ಪಾರ್ಶ್ವನಾಥರ ಉಪಸರ್ಗವನ್ನು ಕೆತ್ತಿದ ಶಿಲ್ಪಿಗಳು ಒಂದೇ ಫಲಕದಲ್ಲಿ ಎರಡು ಕಾಲಗಳನ್ನು ಸೇರಿಸಿದ್ದಾರೆ. ನಡುವೆ ಕಾಯೋತ್ಸರ್ಗದಲ್ಲಿ ಪಾರ್ಶ್ವರು, ಪಕ್ಕದಲ್ಲಿ ಛತ್ರ ಹಿಡಿದ ಪದ್ಮಾವತಿ. ಸುತ್ತಲೂ ಬಂಡೆಯೆತ್ತಿದ, ಮೃಗಗಳನ್ನೇರಿದ ಭೀಕರ ರೂಪಗಳು. ಕೆಳಗೆ, ಪಾದದ ಬಳಿ, ಮಂಡಿಯೂರಿ ಕೈಮುಗಿದ ಒಂದು ಆಕೃತಿ. ಮೇಲಿನವನೂ ಕೆಳಗಿನವನೂ ಒಬ್ಬನೇ, ಕಮಠನ ಜೀವವೇ, ಎಂದು ವಿದ್ವಾಂಸರು ಗುರುತಿಸಿದ್ದಾರೆ. ದರ್ಶನಕ್ಕೆ ಹೋದವರು ಹೆಡೆಯನ್ನು ನೋಡುತ್ತಾರೆ, ಪ್ರಭುವಿನ ಮುಖವನ್ನು ನೋಡುತ್ತಾರೆ, ಬಂಡೆಯನ್ನೂ ನೋಡುತ್ತಾರೆ. ಆ ಮಂಡಿಯೂರಿದವನು ತೀರ ಕೆಳಗಿದ್ದಾನೆ. ಅವನನ್ನು ಕಾಣಬೇಕಾದರೆ ಸ್ವಲ್ಪ ಬಗ್ಗಬೇಕಾಗುತ್ತದೆ.