ಕೊಡಲಿ ಹಿಡಿದವನ ತಲೆಗೆ ನಮ್ಮ ಪಾಪ



ಈ ಬಾರಿ ಹಳೆಯ ನೆನಪುಗಳ ಗಂಟನ್ನು ಬಿಚ್ಚುವುದಕ್ಕಿಂತ ಸ್ವಲ್ಪ ಜಗಳವಾಡಬೇಕೆಂದು ಕುಳಿತಿದ್ದೇನೆ. ಜಗಳ ನಮ್ಮವರೊಡನೆಯೇ. ಓದಿದ ಮೇಲೆ ಯಾರಾದರೂ ಮುನಿಸಿಕೊಂಡು ಮುಂದಿನ ಗೃಹಪ್ರವೇಶಕ್ಕೆ ಕರೆಯದಿದ್ದರೂ ನನಗೆ ಬೇಸರವಿಲ್ಲ. ವೈದ್ಯರು ಹೋಳಿಗೆಯನ್ನು ಹೇಗೂ ನಿಲ್ಲಿಸಿದ್ದಾರೆ.

ವಿಷಯ ಇಷ್ಟೇ. ಕಳೆದ ತಿಂಗಳು ನನ್ನ ಭಾವನವರ ಹಿತ್ತಿಲಿನ ಮಾವಿನ ಮರವನ್ನು ತೆಗೆಸಲಾಯಿತು. ಬುಡ ಪೊಳ್ಳಾಗಿ ಮನೆಯ ಕಡೆಗೆ ವಾಲಿದ್ದ ಮರ. ತೆಗೆಸಬೇಕಾದದ್ದೇ, ಅದರಲ್ಲಿ ನನ್ನ ತಕರಾರಿಲ್ಲ. ಇಬ್ಬರು ಬಂದು ನೋಡಿ ದರ ಹೇಳಿದರು. ಒಬ್ಬನು 28,000 ರೂಪಾಯಿ, ಇನ್ನೊಬ್ಬನು 12,000. ಭಾವನವರು ಲೆಕ್ಕದಲ್ಲಿ ಎಂದೂ ತಪ್ಪಿದವರಲ್ಲ. ಹನ್ನೆರಡು ಸಾವಿರದವನ ಕಡೆಯಿಂದ ಹವಾಯಿ ಚಪ್ಪಲಿ ಹಾಕಿದ ನಾಲ್ವರು ಹುಡುಗರು, ಒಂದು ಯಂತ್ರದ ಗರಗಸ, ಒಂದು ಹಳೆಯ ನೈಲಾನ್ ಹಗ್ಗ ಬಂದವು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಕೊಂಬೆಯೊಂದು ಪಕ್ಕದ ಮನೆಯ ಕಾಂಪೌಂಡನ್ನು ಕೆಡವಿಕೊಂಡು ಬಿತ್ತು. ಕೆಳಗೆ ಹಗ್ಗ ಹಿಡಿದಿದ್ದ ಹುಡುಗನು ಅದನ್ನು ಅಂಗೈಗೆ ಸುತ್ತಿಕೊಂಡಿದ್ದನು. ಅವನ ಎಡಗೈಯ ಎರಡು ಬೆರಳುಗಳು ಹೋದವು.

ಇದೆಲ್ಲವೂ ಯಾರದೋ ಮೊಬೈಲಿನಲ್ಲಿ ಚಿತ್ರವಾಗಿ ನಮ್ಮ ಬಂಧುಗಳಲ್ಲೆಲ್ಲ ಹರಿದಾಡಿತು. ಬಂದ ಮಾತುಗಳನ್ನು ನಾನು ಒಂದೊಂದಾಗಿ ಓದಿದೆ. “ಎಂಥಾ ಚೆಂದದ ಮರ, ಕೊಲೆಗಡುಕರು” ಎಂದವರು ಐದು ಮಂದಿ. ಕಾಂಪೌಂಡಿನ ಖರ್ಚು ಯಾರು ಕೊಡಬೇಕೆಂದು ಚರ್ಚಿಸಿದವರು ಏಳು ಮಂದಿ. ಮರ ಬೀಳುವಾಗ ಮೈ ಜುಮ್ಮೆಂದಿತು ಎಂದವರು ಮೂವರು. ಆ ಹುಡುಗನ ಹೆಸರೇನು, ಅವನನ್ನು ಯಾವ ಆಸ್ಪತ್ರೆಗೆ ಒಯ್ದರು ಎಂದು ಕೇಳಿದವರು ಒಬ್ಬರೂ ಇಲ್ಲ.

ಮೈ ಜುಮ್ಮೆಂದದ್ದನ್ನು ನಾನು ಹಳಿಯುವುದಿಲ್ಲ. ಹೆಮ್ಮರವೊಂದು ನೆಲಕ್ಕುರುಳುವುದನ್ನು ಕಂಡು ರೋಮಾಂಚನಗೊಳ್ಳದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. 1995ರ ಮಾರ್ಚಿನಲ್ಲಿ ನಮ್ಮ ಹೈಸ್ಕೂಲಿನ ಮಳೆಮರವನ್ನು ಉರುಳಿಸಿದ ದಿನ ನೀವು ಹಲವರು ಅಲ್ಲೇ ಇದ್ದಿರಿ. ಎಂಟನೆಯ ತರಗತಿಯ ಹೆಂಚಿನ ಮೇಲೆ ಅರ್ಧ ಛತ್ರಿಯಂತೆ ಚಾಚಿದ್ದ ಮರ. ಬುಡದಲ್ಲಿ ತಟ್ಟೆಯಂಥ ಅಣಬೆ ಎದ್ದಿತ್ತು. ಅದನ್ನು ಕಡಿಯಲು ಬಂದ ಹಿರಿಯನು ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ಬಡಿದು, ಸದ್ದನ್ನು ಆಲಿಸಿ, “ಮೇಷ್ಟ್ರೇ, ಈ ಮಗ್ಗುಲು ಡೋಲು, ಆ ಮಗ್ಗುಲು ಗಟ್ಟಿ. ಎರಡು ದಿನ ಬೇಕು” ಎಂದನು. ಅಕ್ಷರ ಬಾರದ ಮನುಷ್ಯ. ಆ ಎರಡು ದಿನಗಳಲ್ಲಿ ನಾನು ಕಲಿತಷ್ಟು ಭೌತಶಾಸ್ತ್ರವನ್ನು ಬಿ.ಎಡ್. ಕಾಲೇಜಿನಲ್ಲಿ ಕಲಿತಿರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗಲಾರದು.

ಮೊದಲನೆಯ ದಿನ ಕಟ್ಟಡದ ಕಡೆಯ ಕೊಂಬೆಗಳನ್ನಷ್ಟೇ ಇಳಿಸಿದನು. ಮೈದಾನದ ಕಡೆಯವನ್ನು ಮುಟ್ಟಲಿಲ್ಲ. ಅವುಗಳ ಭಾರವೇ ಮರವನ್ನು ಮೈದಾನಕ್ಕೆ ಎಳೆಯಬೇಕು ಎಂಬುದು ಅವನ ಲೆಕ್ಕ. ಕೊಂಬೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿಸದೆ, ಪಕ್ಕದ ಹಲಸಿನ ಮರದ ಬುಡಕ್ಕೆ ಮೂರು ಸುತ್ತು ಸುತ್ತಿಸಿದನು. ಆಮೇಲೆ ಹಗ್ಗವನ್ನು ಹಿಡಿಯಲು ಒಬ್ಬ ಸಣಕಲು ಹುಡುಗ ಸಾಕಾಯಿತು. ಕ್ವಿಂಟಾಲುಗಟ್ಟಲೆ ಭಾರದ ಕೊಂಬೆ ತೊಟ್ಟಿಲು ಇಳಿದಂತೆ ಇಳಿಯಿತು. ಹತ್ತು ವರ್ಷದಿಂದ ಘರ್ಷಣೆಯ ಪಾಠ ಮಾಡುತ್ತಿದ್ದ ನನಗೆ ಪ್ರತಿ ಸುತ್ತಿಗೂ ಹಿಡಿತ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ಪುಸ್ತಕದಲ್ಲಿ ಗೊತ್ತಿತ್ತು. ಕಣ್ಣಾರೆ ಕಂಡದ್ದು ಅಂದೇ. ಭಾವನವರ ಹಿತ್ತಿಲಿನಲ್ಲಿಯೂ ಒಂದು ಹಲಸಿನ ಮರವಿದೆ, ಮಾವಿನಿಂದ ಹತ್ತು ಹೆಜ್ಜೆಗೆ. ಹಗ್ಗವನ್ನು ಅದಕ್ಕೆ ಸುತ್ತಬೇಕೆಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ದಿನ ಮೈದಾನದಲ್ಲಿ ನಲವತ್ತು ಅಡಿ ದೂರಕ್ಕೆ ನಡೆದು ಒಂದು ಗೂಟ ನೆಟ್ಟನು. ಮರ ಬೀಳಬೇಕಾದ ಕಡೆಗೆ ಬುಡದಲ್ಲಿ ಬಾಯಿ ತೆರೆದಂತೆ ಒಂದು ಕಚ್ಚು ಹಾಕಿದನು, ಕಾಂಡದ ದಪ್ಪದ ಕಾಲು ಭಾಗದಷ್ಟು. ಆಮೇಲೆ ಬೆನ್ನಿನ ಕಡೆಯಿಂದ, ಕಚ್ಚಿನ ತಳಕ್ಕಿಂತ ಒಂದಿಷ್ಟು ಮೇಲೆ, ಇಬ್ಬರು ಕೂತು ಗರಗಸ ಎಳೆದರು. ಆದರೆ ಪೂರ್ತಿ ಕೊಯ್ಯಲಿಲ್ಲ. ನಡುವೆ ಕೆಲವು ಅಂಗುಲ ಮರವನ್ನು ಉಳಿಸಿದರು. ಆ ಪಟ್ಟಿಯೇ ಬಾಗಿಲಿನ ತಿರುಗಣಿ. ಅದು ಇರುವವರೆಗೆ ಮರ ಹೇಳಿದ ಕಡೆಗೆ ಬಾಗುತ್ತದೆ, ಅದನ್ನು ಕತ್ತರಿಸಿಬಿಟ್ಟರೆ ಮರ ತನ್ನಿಷ್ಟಕ್ಕೆ ತಿರುಗುತ್ತದೆ. ಪೊಳ್ಳಿದ್ದ ಮಗ್ಗುಲಿಗೆ ಅದನ್ನು ಹೆಚ್ಚು ದಪ್ಪ ಬಿಟ್ಟನು. ಗರಗಸದ ಸೀಳಿಗೆ ಬೆಣೆ ಬಡಿದನು. ತಾನು ಓಡಬೇಕಾದ ಓರೆಯ ದಾರಿಯಲ್ಲಿದ್ದ ಕಲ್ಲುಗಳನ್ನು ಮೊದಲೇ ಎತ್ತಿಸಿದ್ದನು. “ಬೀಳೋ ಮರಕ್ಕೆ ಬೆನ್ನು ಹಾಕಿ ನೇರ ಓಡಿದರೆ ಬುಡ ಹಿಂದಕ್ಕೆ ಒದೀತದೆ” ಎಂದು ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದನು.

ಆಮೇಲೆ ನಡೆದದ್ದು ನಿಮಗೆ ನೆನಪಿರಬೇಕು. ಒಳಗೆಲ್ಲೋ ಒಂದು ‘ಚಟ್’. ಎತ್ತರದಲ್ಲಿ ಎಲೆಗಳ ನಡುಕ. ಎರಡು ಕ್ಷಣ ಏನೂ ಇಲ್ಲ. ಇನ್ನೂರು ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಮರ ಮೊದಮೊದಲು ಮುದುಕನಂತೆ ನಿಧಾನವಾಗಿ ಬಾಗಿತು, ಕೊನೆಗೆ ಗಾಳಿಯನ್ನು ಸೀಳಿಕೊಂಡು ಬಂತು. ಪೆಟ್ಟು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ಧೂಳು ಇಳಿದಾಗ ಗೂಟ ಕಾಣಲಿಲ್ಲ. ಕಾಂಡದಡಿಯಲ್ಲಿ ನೆಲದೊಳಕ್ಕೆ ಹೋಗಿತ್ತು. ಚಪ್ಪಾಳೆ ತಟ್ಟುತ್ತ ಓಡಿಬಂದ ನಿಮ್ಮನ್ನೆಲ್ಲ ಅವನು ಗದರಿಸಿ ಅಟ್ಟಿದನು. ಕಾಂಡದ ಕೆಳಗೆ ಸಿಕ್ಕು ಬಾಗಿದ ಕೊಂಬೆಗಳು ಹೂಡಿದ ಬಿಲ್ಲಿನಂತಿರುತ್ತವೆ, ಒಂದು ಚಿಮ್ಮಿದರೆ ಕಾಲು ಮುರಿಯುತ್ತದೆ ಎಂಬುದು ಅವನಿಗಲ್ಲದೆ ನಮಗಾರಿಗೂ ತೋಚಿರಲಿಲ್ಲ.

ಮರುದಿನ ಕಪ್ಪುಹಲಗೆಯ ಮೇಲೆ ನಾನು ಮಾಡಿಸಿದ ಲೆಕ್ಕವನ್ನು ಮರೆತವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಇಪ್ಪತ್ತು ಮೀಟರಿನ ನೇರ ಕಂಬವೊಂದು ಬುಡದ ಮೇಲೆ ತಿರುಗಿ ಬಿದ್ದರೆ, ಗಾಳಿಯ ತಡೆಯನ್ನು ಬಿಟ್ಟು, ತುದಿ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 24 ಮೀಟರು, ಎಂದರೆ ಗಂಟೆಗೆ 85 ಕಿಲೋಮೀಟರಿಗೂ ಹೆಚ್ಚು. ಒಂದು ಮೀಟರು ವ್ಯಾಸದ ಹಸಿ ಕಾಂಡ ಹತ್ತು ಮೀಟರು ಉದ್ದವಿದ್ದರೆ ಆರೇಳು ಟನ್ನು ತೂಗುತ್ತದೆ. ಇದನ್ನು ಗೂಟದ ಮೇಲೆ ಬೀಳಿಸುವುದು ವಿದ್ಯೆಯಲ್ಲವೇ?

ಅಲ್ಲ ಎಂದು ನಮ್ಮ ಶಾಲಾ ಸಮಿತಿ ತೀರ್ಮಾನಿಸಿತು. ಮೂವರ ಎರಡು ದಿನದ ದುಡಿಮೆಗೆ ಅವನು ಕೇಳಿದ್ದು 800 ರೂಪಾಯಿ. “ಮರ ತಾನಾಗೇ ಬಿತ್ತಲ್ಲ, ನೀನು ಮಾಡಿದ್ದೇನು?” ಎಂದು ನಗೆಯಾಡಿ 500 ಕೊಟ್ಟರು. ಆ ವೋಚರಿಗೆ ಸಹಿ ಹಾಕಿದವನು ನಾನು.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹ ಬೇಕಿರಲಿಲ್ಲ. ಅದೇ ವರ್ಷ ಜೂನ್ 5ರಂದು ವಿಶ್ವ ಪರಿಸರ ದಿನಕ್ಕೆ ನಾನೇ ಒಂದು ಕಿರುನಾಟಕ ಬರೆದು ಆಡಿಸಿದೆ. ಮರಗಳ ವೇಷದ ಮಕ್ಕಳು, ನಡುವೆ ಮೀಸೆ ಬರೆದುಕೊಂಡ, ಲುಂಗಿ ಉಟ್ಟ, ಕೊಡಲಿ ಹೊತ್ತ ದುಷ್ಟ. ಆ ದುಷ್ಟನ ಪಾತ್ರಕ್ಕೆ ನಾನು ಆರಿಸಿದ್ದು ಆ ಹಿರಿಯನ ಮಗನನ್ನು. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ: ಅವನ ಮನೆಯಲ್ಲಿ ನಿಜವಾದ ಕೊಡಲಿ ಇತ್ತು. ತಂದೆ ಕೊನೆಯ ಸಾಲಿನಲ್ಲಿ ನಿಂತು ನೋಡಿದನು. ಮಕ್ಕಳೆಲ್ಲ ಸೇರಿ ಅವನ ಮಗನನ್ನು “ಧಿಕ್ಕಾರ, ಧಿಕ್ಕಾರ” ಎಂದು ರಂಗದಿಂದ ಓಡಿಸಿದರು. ಮರುದಿನ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸಾರ್, ಆ ಮರ ಕಡಿಯಕ್ಕೆ ಹೇಳಿದ್ದು ನೀವೇ ಅಲ್ವಾ?” ಎಂದು ಕೇಳಿದನು. “ಪಾಠಕ್ಕೆ ಹೊತ್ತಾಯಿತು, ಹೋಗು” ಎಂದೆ.

ಆ ಪ್ರಶ್ನೆಯನ್ನೇ ಇಂದು ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ. ಮರ ಕಡಿಯುವ ತೀರ್ಮಾನ ಕೊಡಲಿ ಹಿಡಿದವನದು ಎಂದಾದರೂ ಆಗಿತ್ತೇ? 1983ರಲ್ಲಿ ಶಿರಸಿಯ ಸಾಲ್ಕಣಿಯವರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅವರ ಜಗಳ ಕಾಡನ್ನು ಕಡಿಯಲು ಕೊಟ್ಟ ನೀತಿಯೊಡನೆ ಇತ್ತು, ಕೂಲಿಯವನೊಡನೆ ಅಲ್ಲ. ಆ ವಿವೇಕ ನಮಗೆ ಉಳಿದಿಲ್ಲ. ತೇಗದ ಬಾಗಿಲು, ಬೀಟೆಯ ಮಂಚ, ಅಗಲವಾದ ರಸ್ತೆ, ಬಿಸಿಲು ಬೀಳುವ ಟೆರೇಸು ನಮಗೆ ಬೇಕು. ಪಾಪ ಮಾತ್ರ ಮರ ಹತ್ತಿದವನಿಗೆ. ಪಾಪಿಯೆಂದು ಕರೆದ ಮೇಲೆ ಅವನಿಗೆ ನ್ಯಾಯವಾದ ಕೂಲಿ ಏಕೆ, ಶಿರಸ್ತ್ರಾಣ ಏಕೆ, ವಿಮೆ ಏಕೆ? ಪರಿಸರಪ್ರೇಮ ಇಲ್ಲಿ ಜಿಪುಣತನಕ್ಕೆ ಒಳ್ಳೆಯ ಹೊದಿಕೆಯಾಗಿದೆ.

ಮನೆಗೆ ವಿದ್ಯುತ್ ತಂತಿ ಎಳೆಯುವ ಗುತ್ತಿಗೆದಾರನಿಗೆ ಪರವಾನಗಿ ಬೇಕು, ಸ್ಕೂಟರು ಓಡಿಸುವವನಿಗೂ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಸಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಬದಲಿ ಗಿಡ ನೆಡಬೇಕು, ಒಳ್ಳೆಯ ಕಾಯಿದೆ. ಆದರೆ ಹತ್ತುವವನಿಗೆ ಕೆಲಸ ಬರುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಗಳಲ್ಲಿ ಅತಿ ಹೆಚ್ಚು ಸಾವಿನ ಪ್ರಮಾಣವಿರುವ ವೃತ್ತಿಗಳ ಸಾಲಿನಲ್ಲಿ ಮರ ಕಡಿಯುವವರು ವರ್ಷವರ್ಷವೂ ಮುಂಚೂಣಿಯಲ್ಲೇ ಬರುತ್ತಾರೆ, ಅಲ್ಲಿಯ ಯಂತ್ರೋಪಕರಣಗಳ ನಡುವೆಯೂ. ನಮ್ಮಲ್ಲಿ “ಈಗ ಮಷಿನ್ ಬಂದಿದೆ, ಏನು ಕಷ್ಟ?” ಎನ್ನುತ್ತೇವೆ. ಯಂತ್ರದ ಗರಗಸದ ಮೂತಿಯ ಮೇಲ್ತುದಿ ಕೊಂಬೆಗೆ ತಾಗಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತ ಎಗರುತ್ತದೆ. ಕೊಡಲಿ ಕೈತಪ್ಪಿದರೆ ಒಂದು ಪೆಟ್ಟು, ಇದು ಹಾಗಲ್ಲ.

ಆ ಹಿರಿಯನ ಕಥೆಯನ್ನು ಪೂರ್ತಿ ಮಾಡುತ್ತೇನೆ. 2008ರಲ್ಲಿ ಕಾಫಿ ತೋಟವೊಂದರಲ್ಲಿ ಮರಗಸಿ ಮಾಡುವಾಗ, ಮಳೆಯಲ್ಲಿ ನೆನೆದ ಸಿಲ್ವರ್ ಮರದಿಂದ ಜಾರಿ ಬಿದ್ದನು. ಬೆನ್ನುಮೂಳೆ ಮುರಿಯಿತು. ತೋಟದವರು “ಅವನು ನಮ್ಮ ಆಳಲ್ಲ, ಗುತ್ತಿಗೆಯವನ ಆಳು” ಎಂದರು. ಗುತ್ತಿಗೆಯವನು ಊರು ಬಿಟ್ಟನು. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಕಾನೂನು ನಮ್ಮ ದೇಶದಲ್ಲಿ 1923ರಲ್ಲೇ ಬಂದಿತ್ತು. ಅದನ್ನು ಓದಿ ಹೇಳುವ ಮೇಷ್ಟರುಗಳು ಆ ಊರಿನಲ್ಲಿ ಹನ್ನೊಂದು ಮಂದಿ ಇದ್ದೆವು. ಯಾರೂ ಒಂದು ಅರ್ಜಿ ಬರೆದುಕೊಡಲಿಲ್ಲ. ನಾನು ಒಮ್ಮೆ ಹಣ್ಣು ತೆಗೆದುಕೊಂಡು ಹೋಗಿ ನೋಡಿಬಂದೆ, ಅಷ್ಟೆ. ಆರು ವರ್ಷ ಮಲಗಿದಲ್ಲೇ ಇದ್ದು ತೀರಿಕೊಂಡನು.

ಭಾವನವರೇ, ನೀವು ಇದನ್ನು ಓದುತ್ತೀರೆಂದು ಬಲ್ಲೆ. ಆ 28,000 ರೂಪಾಯಿ ಹೇಳಿದವನು ಅವನ ಮಗ, ನನ್ನ ನಾಟಕದ ದುಷ್ಟ. ಅವನ ದರದಲ್ಲಿ ಐವರ ಕೂಲಿ, ವಿಮೆಯ ಕಂತು, ಶಿರಸ್ತ್ರಾಣ, ಸೊಂಟದ ಪಟ್ಟಿ, ಒಳ್ಳೆಯ ಹಗ್ಗ ಎಲ್ಲವೂ ಸೇರಿತ್ತು. ಬಿಳಿ ಹಾಳೆಯಲ್ಲಿ ಬರೆದೇ ಕೊಟ್ಟಿದ್ದನು. “ಮರ ಕಡಿಯಕ್ಕೂ ಇಷ್ಟು ಜಂಭವಾ?” ಎಂದು ನೀವು ನಕ್ಕಾಗ ನಾನು ನಿಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದೆ. ಅಂದೂ ಬಾಯಿ ತೆರೆಯಲಿಲ್ಲ.

ಬೆರಳು ಕಳೆದುಕೊಂಡ ಹುಡುಗನ ವಿಳಾಸವನ್ನು ಕಾಂಪೌಂಡಿನ ಮೇಸ್ತ್ರಿಯಿಂದ ಪಡೆದಿದ್ದೇನೆ. ಭಾನುವಾರ ಬೆಳಿಗ್ಗೆ ಹೋಗುವವನಿದ್ದೇನೆ. ಈ ಸಲ ಹಣ್ಣಿನೊಡನೆ ಅರ್ಜಿಯ ಹಾಳೆಯನ್ನೂ ಒಯ್ಯುತ್ತೇನೆ. ಮರದ ಒಡೆಯರ ಸಹಿ ಬೇಕಾಗಬಹುದು. ಎಂಟು ಗಂಟೆಗೆ ನಿಮ್ಮ ಮನೆಯ ಮುಂದೆ ಆಟೋ ನಿಲ್ಲಿಸುತ್ತೇನೆ.